ಬಲಗಡೆಯ ವೈರು ಊಟದ ಹಾಲ್‌ಗೆ

ನಮ್ಮ ಆರ್ಕೆಸ್ಟ್ರಾದ ಯಜಮಾನರು ಯಾರಿಗೂ ನೀನು ಬೇಡ ಎಂದು ನೇರವಾಗಿ ಹೇಳುವವರಲ್ಲ. ವಿಜಯನಗರದ ರಿಹರ್ಸಲ್ ಕೋಣೆಯಲ್ಲಿ ಕಾಫಿ ಲೋಟ ಹಿಡಿದು, ಯಾರೋ ಮೂರನೆಯವರ ವಿಷಯ ಆಡುವ ಹಾಗೆ, ಈಗೀಗ ಕೀಬೋರ್ಡಿನಲ್ಲೇ ಗಿಟಾರಿನ ದನಿಯೂ ಬರುತ್ತದಲ್ಲ, ಎಷ್ಟು ಅನುಕೂಲ ಎಂದರು. ಆಮೇಲೆ ನನ್ನ ಕಡೆ ತಿರುಗಿ, ಮುಂದಿನ ರಿಸೆಪ್ಷನ್‌ಗೆ ಬನ್ನಿ, ಅದು ಮುಗಿದ ಮೇಲೆ ಕೂತು ಮಾತಾಡೋಣ ಎಂದರು. ಹಗಲು ಹೊತ್ತು ಸೆಕೆಂಡ್ ಹ್ಯಾಂಡ್ ಸ್ಕೂಟರ್ ಕೊಡಿಸಿ ಮಾರಿಸಿ ಬದುಕುವ ನನಗೆ ‘ಕೂತು ಮಾತಾಡೋಣ’ ಎಂಬುದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಎಷ್ಟೋ ಗಿರಾಕಿಗಳನ್ನು ನಾನೂ ಆ ಮಾತಿನಿಂದಲೇ ಸಾಗಹಾಕಿದ್ದೇನೆ.

ಕೀಬೋರ್ಡಿನವನೂ ಅಲ್ಲೇ ಇದ್ದ. ಆ ಮಾತು ಬಂದಾಗ ತಲೆ ಬಗ್ಗಿಸಿ ಕೀಬೋರ್ಡಿನ ಮನೆಗಳನ್ನು ಬಟ್ಟೆಯಿಂದ ಒರೆಸುತ್ತಿದ್ದ. ಒರೆಸಬೇಕಾದ ಧೂಳೇನೂ ಅಲ್ಲಿರಲಿಲ್ಲ. ಹಿಂದಿನ ರಿಹರ್ಸಲ್ ದಿನ ನಾನು ಸ್ವಲ್ಪ ತಡವಾಗಿ ಮೆಟ್ಟಿಲು ಹತ್ತುವಾಗ ನನ್ನ ಭಾಗದ ಗಿಟಾರ್ ಒಳಗೆ ನುಡಿಯುತ್ತಿತ್ತು. ಯಾರೋ ನನ್ನ ಗಿಟಾರ್ ಮುಟ್ಟಿದರಲ್ಲ ಎಂದುಕೊಂಡೆ. ಗಿಟಾರ್ ನನ್ನ ಹೆಗಲ ಮೇಲೇ ಇತ್ತು. ಒಳಗೆ ಹೋದರೆ ನುಡಿಸುತ್ತಿದ್ದವನು ಇವನು. ನನ್ನನ್ನು ನೋಡಿ, ‘ಸುಮ್ನೆ ಟೆಸ್ಟ್ ಮಾಡ್ತಿದ್ದೆ ಅಣ್ಣ’ ಎಂದ. ಸುಮ್ಮನೆ ಮಾಡುವ ಕೆಲಸಕ್ಕೆ ಯಾರೂ ಕಾರಣ ಹೇಳುವುದಿಲ್ಲ.

ಒಂದು ವಿಷಯ ಮಾತ್ರ ನನ್ನ ಕಣ್ಣಿಗೆ ಬಿದ್ದಿತ್ತು. ಅವನ ಕೀಬೋರ್ಡಿನಿಂದ ಸೌಂಡಿನವರ ಮಿಕ್ಸರ್‌ಗೆ ಯಾವಾಗಲೂ ಎರಡು ವೈರು ಹೋಗುತ್ತವೆ, ಎಡಕ್ಕೊಂದು ಬಲಕ್ಕೊಂದು. ನನ್ನದು ಒಂದೇ. ಅವನ ದನಿ ಅಗಲವಾಗಿಯೂ ನನ್ನದು ಸಣ್ಣಗೆಯೂ ಕೇಳಿಸುವುದಕ್ಕೆ ಇದೇ ಕಾರಣವಿರಬೇಕು ಎನಿಸಿತು. ರಿಸೆಪ್ಷನ್ ಬರುವಷ್ಟರಲ್ಲಿ ನನ್ನ ಪೆಡಲ್‌ಬೋರ್ಡನ್ನು ಸ್ಟೀರಿಯೋ ಮಾಡಿಯೇ ತೀರುವುದೆಂದು ನಿರ್ಧರಿಸಿದೆ. ಪೆಡಲ್ ಎಂದರೆ ಗಿಟಾರಿನ ದನಿ ಬದಲಿಸಲು ಕಾಲಿನಲ್ಲಿ ಒತ್ತುವ ಪುಟ್ಟ ಡಬ್ಬಿ. ಒಂದು ದನಿಯನ್ನು ಒರಟು ಮಾಡುತ್ತದೆ, ಒಂದು ಅಲೆಯಾಡಿಸುತ್ತದೆ, ಇನ್ನೊಂದು ಪ್ರತಿಧ್ವನಿ ಕೊಡುತ್ತದೆ. ಇವನ್ನೆಲ್ಲ ಸಾಲಾಗಿ ಕೂರಿಸಿದ ಹಲಗೆಯೇ ಪೆಡಲ್‌ಬೋರ್ಡ್.

ಮೊದಲು ಬೇಕಾದದ್ದು ದನಿ ಹೊರಗೆ ಹೋಗಲು ಎರಡು ಬಾಯಿಯಿರುವ ಡಬ್ಬಿಗಳು. ನನ್ನ ಹಳೆಯವೆಲ್ಲ ಒಂದರಲ್ಲಿ ಬಂದು ಒಂದರಲ್ಲಿ ಹೋಗುವಂಥವು. ಕೆಂಗೇರಿಯ ಒಬ್ಬ ಕಾಲೇಜು ವಿದ್ಯಾರ್ಥಿ ಅಲೆಯಾಡಿಸುವ ಕೋರಸ್ ಪೆಡಲ್ಲನ್ನೂ ಪ್ರತಿಧ್ವನಿಯ ಡಿಲೇ ಪೆಡಲ್ಲನ್ನೂ ಮಾರುವವನಿದ್ದ. ಎರಡೂ ಹೊಸದರಂತೆ ಹೊಳೆಯುತ್ತಿದ್ದವು. ಚೆನ್ನಾಗಿ ತೊಳೆದ ಇಂಜಿನ್ ಕಂಡರೆ ನನಗೆ ಮೊದಲು ಬರುವುದೇ ಅನುಮಾನ, ತೊಳೆದದ್ದು ಯಾವ ಸೋರಿಕೆ ಮುಚ್ಚಲು ಅಂತ. ಯಾಕೆ ಮಾರುತ್ತಿದ್ದೀಯ ಎಂದು ಕೇಳಿದರೆ ಬ್ಯಾಂಡ್ ಒಡೆದುಹೋಯಿತು ಎಂದ. ನೀವೂ ಹಳೆಯದು ಕೊಳ್ಳುವವರಾದರೆ ಒಂದು ಮಾತು ಕೇಳಿ: ನಿಮ್ಮ ವೈರು, ನಿಮ್ಮ ಅಡಾಪ್ಟರ್ ನೀವೇ ಒಯ್ಯಿರಿ. ಮಾರುವವನ ಅಡಾಪ್ಟರಿನಲ್ಲಿ ಎಲ್ಲವೂ ಚೆನ್ನಾಗಿಯೇ ನಡೆಯುತ್ತದೆ. ಪ್ರತಿಯೊಂದು ಗುಬುಟನ್ನೂ ಕೊನೆಯ ತನಕ ತಿರುಗಿಸಿ, ಕರಕರ ಸದ್ದು ಬಂದರೆ ಅಲ್ಲೇ ಮುಖ ಸಿಂಡರಿಸಿ. ಬಾರದಿದ್ದರೂ ಸ್ವಲ್ಪ ಸಿಂಡರಿಸುವುದರಿಂದ ನಷ್ಟವಿಲ್ಲ. ನಾನು ಎರಡನ್ನೂ ಒಂದೊಂದು ಬಾಯಿಯಿಂದ ಬೇರೆಬೇರೆಯಾಗಿ ಕೇಳಿ, ನನಗೆ ಬೇಕಾದ ಬೆಲೆಗೆ ತಂದೆ.

ಹಲಗೆಗೆ ಅಂಗಡಿಯಲ್ಲಿ ಕೇಳುವ ಬೆಲೆ ಕೊಡಲು ಮನಸ್ಸು ಬರಲಿಲ್ಲ. ದೊಡ್ಡ ಕಟ್ಟಡಗಳಲ್ಲಿ ಎಲೆಕ್ಟ್ರಿಷಿಯನ್ನರು ವೈರು ಹಾಯಿಸಲು ಹಾಕುವ ತೂತುತೂತಿನ ತಗಡಿನ ಟ್ರೇ ಇರುತ್ತದಲ್ಲ, ನಾಯಂಡಹಳ್ಳಿಯ ಒಂದು ಗೋಡೌನ್‌ನಲ್ಲಿ ಅದರ ಉಳಿಕೆ ತುಂಡು ಸಿಕ್ಕಿತು. ಅಂಚಿಗೆ ರಬ್ಬರ್ ಹಾಕಿಸಿ, ಟೈಲರಿಂಗ್ ಸಾಮಾನಿನ ಅಂಗಡಿಯಿಂದ ಅಂಟುಪಟ್ಟಿ ತಂದು ಡಬ್ಬಿಗಳನ್ನು ಕೂರಿಸಿದೆ. ತೂತುಗಳಿಂದ ವೈರುಗಳೆಲ್ಲ ಕೆಳಗೆ ಇಳಿದು ಕಣ್ಣಿಗೆ ಬೀಳದಂತಾದವು.

ಬಸವೇಶ್ವರನಗರದ ನನ್ನ ಬಾಡಿಗೆ ಪೋರ್ಷನ್‌ನಲ್ಲಿ ನನ್ನ ಆಂಪ್ಲಿಫೈಯರನ್ನು ಒಂದು ಮೂಲೆಗೂ ಎರವಲು ತಂದದ್ದನ್ನು ಇನ್ನೊಂದು ಮೂಲೆಗೂ ಇಟ್ಟು ಹಚ್ಚಿದೆ. ಎರಡರಲ್ಲೂ ಒಂದೇ ದನಿ. ಅಗಲವೂ ಇಲ್ಲ, ಏನೂ ಇಲ್ಲ. ಕೆಂಗೇರಿಯವನು ಮೋಸ ಮಾಡಿದ ಎಂದು ಫೋನ್ ತೆಗೆದೆ. ಅಷ್ಟರಲ್ಲಿ ಕಣ್ಣಿಗೆ ಬಿತ್ತು: ಎರಡು ಬಾಯಿಯ ಕೋರಸ್ ಆದ ಮೇಲೆ ಒಂದು ಬಾಯಿಯ ಹಳೆಯ ಒರಟು ಡಬ್ಬಿಯನ್ನು ನಾನೇ ಕೂರಿಸಿದ್ದೆ. ಎರಡು ದಾರಿ ಹೋಗಿ ಮತ್ತೆ ಒಂದೇ ಗಲ್ಲಿಗೆ ಸೇರಿತ್ತು. ಒಂಟಿ ಬಾಯಿಯವೆಲ್ಲ ಮೊದಲು, ಜೋಡಿ ಬಾಯಿಯವೆಲ್ಲ ಕೊನೆಗೆ. ಸಾಲು ಬದಲಿಸಿದ ಮೇಲೆ ದನಿ ಎರಡಾಯಿತು. ಜೊತೆಗೆ ‘ಗುಂಯ್’ ಎಂಬ ಸದ್ದೂ ಶುರುವಾಯಿತು.

ಆ ಗುಂಯ್ ಗಿಟಾರ್ ಮುಟ್ಟಿದರೂ ನಿಲ್ಲದು, ಬಿಟ್ಟರೂ ನಿಲ್ಲದು. ನನ್ನ ಅನುಮಾನ ಮೊದಲು ಹೋದದ್ದು ಮನೆಯ ವೈರಿಂಗ್ ಮೇಲೆ, ಆಮೇಲೆ ಮೇಲಿನ ಮಹಡಿಯಲ್ಲಿರುವ ಮನೆ ಓನರ್ ಆಂಟಿಯ ಫ್ರಿಜ್ ಮೇಲೆ. ಸ್ವಲ್ಪ ಹೊತ್ತು ಅದನ್ನು ಆರಿಸುತ್ತೀರಾ ಎಂದು ಮೆಟ್ಟಿಲಲ್ಲಿ ನಿಂತು ಕೇಳಿದೆ.

‘ನಿಮ್ಮ ಗಿಟಾರ್‌ಗೋಸ್ಕರ ನನ್ನ ಹಾಲು ಒಡೀಬೇಕಾ?’ ಎಂದರು. ಆದರೂ ಆರಿಸಿದರು. ಗುಂಯ್ ಹಾಗೇ ಇತ್ತು. ಅವರು ಮೇಲಿನಿಂದ, ‘ಈಗ ನಿಮ್ಮ ಮನೇದು ಏನಾದ್ರೂ ಆರಿಸಿ ನೋಡಿ’ ಎಂದರು.

ಹೇಳಿದ ರೀತಿ ಚುಚ್ಚಿದರೂ ಮಾತು ಸರಿಯಾಗಿತ್ತು. ಎರಡು ವೈರುಗಳಲ್ಲಿ ಒಂದನ್ನು ಕಿತ್ತೆ. ಸದ್ದು ನಿಂತಿತು. ಚುಚ್ಚಿದೆ, ಬಂತು. ಎರಡು ಆಂಪ್ಲಿಫೈಯರ್‌ಗಳ ಅರ್ತ್ ನನ್ನ ಬೋರ್ಡಿನಲ್ಲಿ ಬಂದು ಒಂದಕ್ಕೊಂದು ಕೈಹಿಡಿದು ಸುತ್ತು ಹಾಕುತ್ತಿದ್ದವು. ಇಲ್ಲಿ ಕೆಲವರು ಒಂದು ಸಲಹೆ ಕೊಡುತ್ತಾರೆ, ಪ್ಲಗ್ಗಿನ ಮೂರನೆಯ ಪಿನ್ ಮುರಿದುಬಿಡಿ ಅಂತ. ಲೋಹದ ತಂತಿ ಹಿಡಿದು ನಿಲ್ಲುವ ಮನುಷ್ಯ ಆ ಕೆಲಸ ಮಾಡಬಾರದು. ಅದನ್ನು ಹೇಳುವವರನ್ನು ಹತ್ತಿರವೂ ಸೇರಿಸಬೇಡಿ. ಸರಿಯಾದ ದಾರಿ ಎಂದರೆ ಒಂದು ಕಡೆಗೆ ಟ್ರಾನ್ಸ್‌ಫಾರ್ಮರ್ ಇರುವ ಸಣ್ಣ ಪೆಟ್ಟಿಗೆ ಹಾಕುವುದು. ದನಿ ದಾಟುತ್ತದೆ, ಅರ್ತ್ ದಾಟುವುದಿಲ್ಲ.

ಅದನ್ನು ಮಾಡಿಸಲು ಮತ್ತೆ ನಾಯಂಡಹಳ್ಳಿಗೆ ಹೋದೆ. ಅಲ್ಲಿ ಆಂಪ್ಲಿಫೈಯರ್ ರಿಪೇರಿ ಮಾಡುವ, ಸ್ಟೆಬಿಲೈಸರ್ ಕಟ್ಟಿಕೊಡುವ ಒಂದು ವರ್ಕ್‌ಶಾಪ್ ಇದೆ. ನಡೆಸುವಾಕೆ ಹುಬ್ಬಳ್ಳಿ ಕಡೆಯವರು. ಮಾತಿನಲ್ಲೂ ಬೆಲೆಯಲ್ಲೂ ಗಟ್ಟಿ ಹೆಂಗಸು. ಪೆಟ್ಟಿಗೆ, ಟ್ರಾನ್ಸ್‌ಫಾರ್ಮರ್, ವೈರು ಚುಚ್ಚಲು ಎರಡು ಜ್ಯಾಕ್ ಎಂದು ಹೇಳಿ, ಜೊತೆಗೆ ಒಂದು ಉಲ್ಟಾ ಸ್ವಿಚ್ ಎಂದೂ ಸೇರಿಸಿದರು. ಅದು ಯಾಕೆ ಎಂದೆ.

‘ನಿಮ್ಮ ಬೋರ್ಡಿನ್ಯಾಗ ಏನೇನ್ ಡಬ್ಬಿ ಅದಾವೋ ನನಗೇನ್ ಗೊತ್ರೀ? ಯಾವುದಾರ ಒಂದು ಸಿಗ್ನಲ್ ತಿರುವಿ ಕೊಟ್ರ ಎಡ ಬಲ ಒಂದಕ್ಕೊಂದು ವಿರುದ್ಧ ಆಗ್ತಾವ. ಸ್ವಿಚ್ ಇದ್ರ ನೀವ ತಿರುವಿ ಸರಿ ಮಾಡ್ಕೋಬಹುದು.’

ಬಿಲ್ ಉದ್ದ ಮಾಡುವ ದಾರಿ ಇದು ಎಂದು ನನಗೆ ಖಾತ್ರಿಯಾಯಿತು. ಸ್ಕೂಟರ್ ಸರ್ವಿಸ್‌ಗೆ ಬಿಟ್ಟರೆ ಇಂಜಿನ್ ಆಯಿಲ್ ಜೊತೆ ಇನ್ನೊಂದು ಬಾಟಲಿ ಹಾಕಿದೆವು ಎನ್ನುತ್ತಾರಲ್ಲ, ಆ ಜಾತಿ. ಸ್ವಿಚ್ ತೆಗೆಸಿ ಬೆಲೆ ಇಳಿಸಿಕೊಂಡೆ. ‘ಬ್ಯಾಡಂದ್ರ ಬಿಡ್ರಿ, ಆಮ್ಯಾಲೆ ನನ್ನ ಮ್ಯಾಲೆ ಬರಬ್ಯಾಡ್ರಿ’ ಎಂದು ಅವರು ಬೇರೆ ಕೆಲಸ ಎತ್ತಿಕೊಂಡರು.

ಪೆಟ್ಟಿಗೆ ಬಂತು, ಬಲಗಡೆಯ ದಾರಿಗೆ ಹಾಕಿದೆ, ಗುಂಯ್ ಹೋಯಿತು. ಅಷ್ಟೇ ಅಲ್ಲ, ದನಿ ಎಷ್ಟು ಅಗಲವಾಯಿತು ಎಂದರೆ ಗೋಡೆಗಳೇ ಹಿಂದೆ ಸರಿದಂತೆ, ಗಿಟಾರ್ ನನ್ನ ಕಿವಿಯ ಹಿಂದಿನಿಂದ ಬರುತ್ತಿರುವಂತೆ. ಕೆಳದನಿ ಕೊಂಚ ಸೊರಗಿದೆ ಎನಿಸಿದರೂ ಕೋಣೆ ಚಿಕ್ಕದು, ಅದಕ್ಕೇ ಇರಬೇಕು ಎಂದುಕೊಂಡೆ. ಕೊಳ್ಳುವಾಗ ಪ್ರತಿ ತಿರುಪನ್ನೂ ಅನುಮಾನಿಸುವ ನಾನು ಈ ದನಿಯನ್ನು ಅನುಮಾನಿಸಲಿಲ್ಲ. ನನ್ನನ್ನು ಹೊಗಳುವಂಥ ದನಿ ಅದು. ಇನ್ನು ಕೀಬೋರ್ಡಿನವನು ಏನು ಮಾಡುತ್ತಾನೋ ನೋಡೋಣ ಎಂದುಕೊಂಡೆ.

ರಿಸೆಪ್ಷನ್ ಇದ್ದದ್ದು ಮಾಗಡಿ ರೋಡಿನ ಕಡೆಯ ಒಂದು ಕಲ್ಯಾಣ ಮಂಟಪದಲ್ಲಿ. ಸೌಂಡಿನವನು ಬ್ಯಾಡರಹಳ್ಳಿಯವನು. ಅಪ್ಪನ ಜಮೀನು ಸೈಟುಗಳಾದ ಮೇಲೆ ಸೌಂಡ್ ಸಿಸ್ಟಮ್ ಹಾಕಿದವನು, ಆದ್ದರಿಂದ ಯಾರ ಮುಲಾಜೂ ಇಲ್ಲ. ನನ್ನ ಎರಡು ವೈರು ನೋಡಿ ಹುಬ್ಬೇರಿಸಿದ, ಎರಡು ಚಾನೆಲ್‌ಗೆ ಚುಚ್ಚಿದ. ಕುರ್ಚಿಗಳಿಗೆ ಬಟ್ಟೆ ತೊಡಿಸುತ್ತಿದ್ದರು, ವೇದಿಕೆಯ ಹಿಂದೆ ಹೂವಿನವರು ಏಣಿ ಏರಿದ್ದರು. ನಾನು ತಂತಿ ಮೀಟಿದೆ. ಹಾಲ್‌ನಲ್ಲಿ ಏನೂ ಇಲ್ಲ. ಮತ್ತೆ ಮೀಟಿದೆ. ಸ್ವಲ್ಪ ತಡೆದು ದೂರದಲ್ಲೆಲ್ಲೋ ಒಂದು ಪ್ರತಿಧ್ವನಿ ಕೇಳಿಸಿತು.

‘ಗುರು, ಗಿಟಾರ್ ಬರ್ತಿಲ್ಲ’ ಎಂದ ಸೌಂಡಿನವನು. ‘ಬರೀ ಬಾಲ ಬರ್ತಿದೆ.’

ನಾನು ನೋಡಿದ್ದು ಮಿಕ್ಸರ್ ಕಡೆಯಲ್ಲ, ಕೀಬೋರ್ಡಿನವನ ಕಡೆ. ನಾನು ಬೋರ್ಡ್ ಬಿಚ್ಚುವಾಗ ಅವನು ಮಿಕ್ಸರ್ ಪಕ್ಕ ನಿಂತು ಸೌಂಡಿನವನ ಕಿವಿಯಲ್ಲಿ ಏನೋ ಹೇಳಿದ್ದ. ಅವನ ಕೀಬೋರ್ಡ್ ಮಾತ್ರ ಹಾಲ್ ತುಂಬ ಬರುತ್ತಿತ್ತು. ಕೆಳಗಿಳಿದು ಹೋಗಿ ಸೌಂಡಿನವನನ್ನು ಮೆಲ್ಲಗೆ ಕೇಳಿದೆ, ಅವನು ಏನು ಹೇಳಿದ ಅಂತ.

‘ಊಟ ಎಷ್ಟೊತ್ಗೆ ಅಂತ ಕೇಳ್ದ.’

ನಂಬಲಿಲ್ಲ. ನನ್ನ ಚಾನೆಲ್‌ಗಳ ಗುಬುಟುಗಳನ್ನು ಒಂದೊಂದಾಗಿ ನೋಡಿದೆ. ಎಲ್ಲ ತೆರೆದೇ ಇದ್ದವು. ಆಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಮಿಕ್ಸರಿನ ಹಿಂದಿನಿಂದ ಹೊರಡುವ ಎರಡು ದಪ್ಪ ವೈರುಗಳಲ್ಲಿ ಒಂದು ಮಾತ್ರ ವೇದಿಕೆಯ ಕಡೆ ಹೋಗುತ್ತಿತ್ತು. ವೇದಿಕೆಯ ಎರಡೂ ಪಕ್ಕದ ಸ್ಪೀಕರ್‌ಗಳು ಆ ಒಂದರ ಮೇಲೇ. ಇನ್ನೊಂದು ಜಮಖಾನೆಯ ಕೆಳಗೆ ನುಸುಳಿ ಪಕ್ಕದ ಬಾಗಿಲಿಂದ ಹೊರಗೆ ಹೋಗಿತ್ತು. ಎರಡು ಕಡೆಯ ಸ್ಪೀಕರ್‌ಗೆ ಬಿಲ್ ಮಾಡಿ ಒಂದನ್ನು ಇನ್ನೆಲ್ಲಿಗೋ ಬಾಡಿಗೆ ಕೊಟ್ಟಿದ್ದಾನೆ ಎಂದು ನನ್ನ ತಲೆ ಓಡಿತು. ಯಾರಿಗೂ ಹೇಳದೆ ಆ ವೈರಿನ ಜಾಡು ಹಿಡಿದು ಹೊರಟೆ. ಅದು ವರಾಂಡ ದಾಟಿತು, ಮೆಟ್ಟಿಲಿಳಿಯಿತು, ಊಟದ ಹಾಲ್‌ಗೆ ಹೋಯಿತು. ಅಲ್ಲಿ ಗೋಡೆಯ ಮೇಲೆ ಎರಡು ಸ್ಪೀಕರ್. ಅವುಗಳ ಕೆಳಗಿನ ಮೇಜಿನಲ್ಲಿ ನಮ್ಮ ಯಜಮಾನರು ಮದುವೆ ಹುಡುಗಿಯ ತಂದೆಯ ಜೊತೆ ಕೂತು ಮಾತಾಡುತ್ತಿದ್ದರು.

ನಮ್ಮ ಕಡೆಯ ರಿಸೆಪ್ಷನ್ ಹೇಗೆಂದು ಎಲ್ಲರಿಗೂ ಗೊತ್ತು. ಬಂದವರು ಸಾಲಿನಲ್ಲಿ ನಿಂತು, ಕವರ್ ಕೊಟ್ಟು, ಫೋಟೊ ತೆಗೆಸಿಕೊಂಡು ನೇರ ಊಟಕ್ಕೆ ಇಳಿಯುತ್ತಾರೆ. ಕೂತು ಹಾಡು ಕೇಳುವುದೇನಿದ್ದರೂ ಎಲೆಯ ಮುಂದೆ. ಹಾಗಾಗಿ ಊಟದ ಹಾಲ್‌ಗೂ ಹಾಡು ಕೇಳಿಸಲೇಬೇಕು ಎಂದು ಮದುವೆ ಮನೆಯವರ ಕರಾರು. ಸೌಂಡಿನವರು ಮಿಕ್ಸರಿನ ಎಡವನ್ನು ಮೇಲಿನ ಹಾಲ್‌ಗೂ ಬಲವನ್ನು ಊಟಕ್ಕೂ ಕೊಟ್ಟು, ಎಲ್ಲರ ದನಿಯನ್ನೂ ನಡುವಿಗೆ ತಂದು ಎರಡು ಕಡೆಗೂ ಹಂಚುತ್ತಾರೆ. ಎಷ್ಟೋ ಕಾರ್ಯಕ್ರಮ ನುಡಿಸಿದ ನನಗೆ ಇದು ಗೊತ್ತಾದದ್ದು ಅವತ್ತು. ಒಂದೇ ವೈರು ಕೊಡುವವನಿಗೆ ಎಡ ಬಲದ ಉಸಾಬರಿ ಬೀಳುವುದಿಲ್ಲ. ಅಂದರೆ ಸ್ಟೀರಿಯೋ ಎಂಬುದೇ ಆ ಮಂಟಪದಲ್ಲಿ ಇರಲಿಲ್ಲ. ನನ್ನ ಎಡವನ್ನೂ ಬಲವನ್ನೂ ಅವನು ಕೂಡಿಸಿ ಒಂದು ಮಾಡುತ್ತಿದ್ದ.

ಕೂಡಿಸಿದರೆ ಎರಡರಷ್ಟಾಗಬೇಕು, ಇಲ್ಲವಾಗುವುದು ಯಾಕೆ? ಮೇಲೆ ಬಂದು ಎಡದ ವೈರು ಕಿತ್ತೆ, ಗಿಟಾರ್ ಧಾರಾಳವಾಗಿ ಬಂತು. ಅದನ್ನು ಚುಚ್ಚಿ ಬಲದ್ದು ಕಿತ್ತೆ, ಆಗಲೂ ಬಂತು. ಎರಡೂ ಸೇರಿದರೆ ಬಾಲ ಮಾತ್ರ. ಒಂದೇ ಬಾಗಿಲನ್ನು ಇಬ್ಬರು ಒಳಗಿನಿಂದಲೂ ಹೊರಗಿನಿಂದಲೂ ಸಮಬಲದಲ್ಲಿ ತಳ್ಳುತ್ತಿದ್ದ ಹಾಗೆ. ಎಡದ ಸಿಗ್ನಲ್ ಮೇಲೆ ಹೋದಾಗ ಬಲದ್ದು ಕೆಳಗೆ, ಕೂಡಿಸಿದರೆ ಸೊನ್ನೆ. ಪ್ರತಿಧ್ವನಿ ಎರಡು ಕಡೆ ಬೇರೆಬೇರೆ ಹೊತ್ತಿಗೆ ಬರುವುದರಿಂದ ಅದೊಂದು ಉಳಿದಿತ್ತು. ಮನೆಯಲ್ಲಿ ಕಿವಿಯ ಹಿಂದಿನಿಂದ ಬಂದ ಆ ಅಗಲ ಈ ವೈಮನಸ್ಯದ್ದೇ. ಉಲ್ಟಾ ಸ್ವಿಚ್ ಬೇಡ ಎಂದು ಚೌಕಾಸಿ ಮಾಡಿದ ಪೆಟ್ಟಿಗೆ ಬಲಗಡೆ ಕೂತಿತ್ತು. ಆಕೆ ಬೇಕೆಂದೇ ತಿರುವಿ ಕೊಟ್ಟಿರಬಹುದೇ ಎಂದು ಒಂದು ಕ್ಷಣ ಅನಿಸಿದ್ದು ಸುಳ್ಳಲ್ಲ. ಆದರೆ ಅದಕ್ಕೆ ಈಗ ಹೊತ್ತಿರಲಿಲ್ಲ. ಹುಡುಗ ಹುಡುಗಿ ಹೊರಟರೆಂದು ಫೋನ್ ಬಂದಿತ್ತು, ಪೆಟ್ಟಿಗೆ ಬಿಚ್ಚಿ ವೈರು ಅದಲುಬದಲು ಮಾಡುವಷ್ಟು ಸಮಯವಿರಲಿಲ್ಲ.

‘ಒಂದು ವೈರ್ ಕಿತ್ತಾಕು ಗುರು, ಮುಗೀತು’ ಎಂದ ಸೌಂಡಿನವನು.

ಸುಲಭದ ದಾರಿ ಅದೇ. ಆದರೆ ಕಿತ್ತರೆ ನಾನು ಮತ್ತೆ ಅದೇ ಒಂದು ವೈರಿನ ಸಣ್ಣ ಗಿಟಾರು, ಮತ್ತು ಕಾರ್ಯಕ್ರಮ ಮುಗಿದ ಮೇಲೆ ಕೂತು ಮಾತಾಡುವುದು. ಹಲಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಯೋಚಿಸಿದೆ. ಜಗಳವಾಡುವ ಅಣ್ಣ ತಮ್ಮಂದಿರನ್ನು ಒಂದೇ ಮನೆಯಲ್ಲಿ ಯಾಕೆ ಇಡಬೇಕು? ಪಾಲು ಮಾಡಿ ಬೇರೆ ಪೋರ್ಷನ್ ಕೊಟ್ಟರಾಯಿತು. ಎಡದ ವೈರು ಪೂರ್ತಿ ಮೇಲಿನ ಹಾಲ್‌ಗೆ, ಬಲದ ವೈರು ಪೂರ್ತಿ ಊಟದ ಹಾಲ್‌ಗೆ. ಎಲ್ಲೂ ಸೇರದಿದ್ದರೆ ಎಲ್ಲೂ ಸಾಯುವುದಿಲ್ಲ.

ಸೌಂಡಿನವನು ಒಪ್ಪಲಿಲ್ಲ. ಬಲದ ವೈರು ನಡುವೆ ಕೈಕೊಟ್ಟರೆ ಊಟದವರಿಗೆ ಗಿಟಾರೇ ಇರುವುದಿಲ್ಲ, ಅಲ್ಲಿ ನಿಮ್ಮ ಯಜಮಾನರೇ ಕೂತಿದ್ದಾರೆ ಎಂದ. ಅವರು ಕೂತಿರುವುದಕ್ಕೇ ಹೇಳುತ್ತಿರುವುದು ಎಂದೆ. ಅವನು ಎರಡು ಗುಬುಟುಗಳನ್ನು ಒಂದು ಪೂರ್ತಿ ಎಡಕ್ಕೆ, ಒಂದು ಪೂರ್ತಿ ಬಲಕ್ಕೆ ತಿರುಗಿಸಿದ.

ಅಷ್ಟಕ್ಕೇ ನಿಲ್ಲಿಸಲಿಲ್ಲ. ಊಟದ ಹಾಲ್ ನೆಲವೆಲ್ಲ ನುಣುಪು ಕಲ್ಲು, ಗೋಡೆಗೆ ಟೈಲ್ಸ್, ಅದರ ಜೊತೆಗೆ ಸ್ಟೀಲ್ ಪಾತ್ರೆಗಳ ಸದ್ದು. ಆ ಜಾಗವೇ ಸಾಕಷ್ಟು ಪ್ರತಿಧ್ವನಿ ಕೊಡುತ್ತದೆ, ನಾನು ಇನ್ನಷ್ಟು ಕೊಟ್ಟರೆ ಗೊಜ್ಜಾಗುತ್ತದೆ. ಬಲದ ದಾರಿಯನ್ನು ಡಿಲೇಯಿಂದ ಬಿಡಿಸಿ, ಕೋರಸ್‌ನ ಎರಡನೇ ಬಾಯಿಯಿಂದ ನೇರ ಪೆಟ್ಟಿಗೆಗೆ ಚುಚ್ಚಿದೆ. ಮೇಲಿನ ಹಾಲ್‌ಗೆ ಜಮಖಾನೆ, ಪರದೆ, ಬಟ್ಟೆ ತೊಟ್ಟ ಕುರ್ಚಿ. ದನಿಯನ್ನೆಲ್ಲ ಹೀರುವ ಜಾಗ. ಎಡಕ್ಕೆ ಡಿಲೇ ಉಳಿಸಿದೆ. ಕೆಳಗೆ ಹೋಗಿ ಕೇಳಿಕೊಂಡು ಬರುವಷ್ಟು ಸಮಯವಿರಲಿಲ್ಲ. ಕುದುರೆ ಸಾರೋಟು ಗೇಟಿಗೆ ಬಂದಿತ್ತು.

ಕಾರ್ಯಕ್ರಮವಿಡೀ ನನಗೆ ಕೇಳಿಸಿದ್ದು ಎಡದ ಪಾಲು ಮಾತ್ರ. ನುಡಿಸುವವರು ಕೇಳಿಕೊಳ್ಳಲು ವೇದಿಕೆಯಲ್ಲಿಡುವ ಮಾನಿಟರ್ ಸ್ಪೀಕರಿಗೆ ಬರುವುದೂ ಅದೇ. ಬಲದ ವೈರು ಕೆಳಗೆ ಏನು ಮಾಡುತ್ತಿದೆಯೋ, ಬದುಕಿದೆಯೋ ಸತ್ತಿದೆಯೋ, ಗೊತ್ತಾಗುವ ದಾರಿಯೇ ಇರಲಿಲ್ಲ. ಮಿಕ್ಸರಿನಲ್ಲಿ ನನ್ನ ಬಲದ ಚಾನೆಲ್‌ನ ಹಸಿರು ದೀಪ ಮಿನುಗುತ್ತದೆಯೇ ಎಂದು ಪ್ರತಿ ಹಾಡಿನ ನಡುವೆ ಕತ್ತು ಚಾಚಿ ನೋಡುತ್ತಿದ್ದೆ. ಕೀಬೋರ್ಡಿನವನ ಕೈಗಳನ್ನೂ ನೋಡುತ್ತಿದ್ದೆ, ನನ್ನ ಭಾಗದ ಮೇಲೆ ಹೋಗುತ್ತವೆಯೇ ಅಂತ. ಹೋಗಲಿಲ್ಲ. ನಾನು ನೋಡುತ್ತಿದ್ದೇನೆಂದು ಹೋಗಲಿಲ್ಲವೋ ಏನೋ.

ಎಲ್ಲ ಮುಗಿದು ಊಟಕ್ಕೆ ಇಳಿದಾಗ ಯಜಮಾನರು ಬೀಡಾ ಹಾಕಿಕೊಂಡು ಕೈತೊಳೆಯುವ ಜಾಗದ ಹತ್ತಿರ ನಿಂತಿದ್ದರು. ಖುಷಿಯಾಗಿದ್ದರು.

‘ಊಟಕ್ಕೆ ಕೂತಿದ್ದಾಗ ಗಿಟಾರ್ ಎಷ್ಟು ನೀಟಾಗಿ ಕೇಳಿಸ್ತು ಗೊತ್ತೇನ್ರಪ್ಪ. ಹುಡುಗಿ ತಂದೆ ಪಲ್ಯ ಬಡಿಸೋನ್ನ ತಡೆದು ನನ್ನ ಕೇಳಿದ್ರು, ಯಾರು ನುಡಿಸ್ತಿರೋದು ಅಂತ.’ ಹಾಗೆನ್ನುತ್ತಾ ಅವರು ತಟ್ಟಿದ್ದು ಕೀಬೋರ್ಡಿನವನ ಬೆನ್ನನ್ನು. ‘ನಾನು ಹೇಳಿರ್ಲಿಲ್ವಾ, ಈಗ ಕೀಬೋರ್ಡಲ್ಲೇ ಎಲ್ಲಾ ಬರುತ್ತೆ ಅಂತ.’

ಊಟದ ಹಾಲ್‌ನಿಂದ ವೇದಿಕೆ ಕಾಣುವುದಿಲ್ಲ. ಅದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅವರ ಕಿವಿಗೆ ಅಷ್ಟು ಕಷ್ಟಪಟ್ಟು ಕಳಿಸಿದ ದನಿಯನ್ನು ಅವರು ಇನ್ನೊಬ್ಬನ ಹೆಸರಿಗೆ ಬರೆದುಬಿಟ್ಟಿದ್ದರು. ಅದು ನನ್ನದು ಎಂದು ನಾನೇ ಹೇಳಿದರೆ ಕೆಲಸಕ್ಕಾಗಿ ಕೈಚಾಚಿದಂತೆ. ಆ ಹೊಗಳಿಕೆ ತನ್ನದಾಗಲು ಕೀಬೋರ್ಡಿನವನು ಸುಮ್ಮನಿದ್ದರೆ ಸಾಕಿತ್ತು, ಬಾಯಿ ತೆರೆಯಬೇಕಾಗಿಯೂ ಇರಲಿಲ್ಲ.

‘ಅದು ನಂದಲ್ಲ ಸಾರ್’ ಎಂದ ಅವನು. ‘ಅಣ್ಣಂದು. ಗಿಟಾರ್‌ಗೆ ನಾನು ಕೈನೇ ಹಾಕಿಲ್ಲ ಇವತ್ತು. ಬೇಕಾದ್ರೆ ಸೌಂಡಿನವ್ರನ್ನ ಕೇಳಿ.’

ಯಜಮಾನರು ಬೀಡಾ ಅಗಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ‘ಹೌದೇನ್ರಿ’ ಎಂದರು. ಆಮೇಲೆ ಮುಂದಿನ ಕಾರ್ಯಕ್ರಮ ರಾಜಾಜಿನಗರದಲ್ಲಿದೆ, ಅಲ್ಲೂ ಊಟದ ಹಾಲ್ ಕೆಳಗೇ ಇರುವುದು, ಇದೇ ವ್ಯವಸ್ಥೆ ಇಟ್ಟುಕೊಳ್ಳಿ ಎಂದರು. ಕೂತು ಮಾತಾಡುವ ವಿಷಯ ಎತ್ತಲಿಲ್ಲ. ನಾನೂ ನೆನಪಿಸಲಿಲ್ಲ.

ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಸಿಕ್ಕ ಲಾಭವನ್ನು ಕೈಯಾರೆ ಬಿಟ್ಟುಕೊಡುವ ಮನುಷ್ಯನನ್ನು ನಾನು ವ್ಯಾಪಾರದಲ್ಲಿ ಕಂಡಿಲ್ಲ. ಇದರ ಹಿಂದೆ ಏನೋ ಇರಬೇಕು. ಮಂಟಪದ ಗೇಟಿನ ಹತ್ತಿರ ಅವನು ಕೀಬೋರ್ಡಿನ ಉದ್ದನೆಯ ಚೀಲ ಹಿಡಿದು ಆಟೋಗೆ ಕಾಯುತ್ತಿದ್ದಾಗ ಹತ್ತಿರ ಹೋಗಿ ಕೇಳಿಯೇಬಿಟ್ಟೆ, ಯಾಕಪ್ಪ ಹಾಗೆ ಹೇಳಿದೆ ಅಂತ.

ಅವನು ನನ್ನನ್ನು ಏನೂ ತಿಳಿಯದವನನ್ನು ನೋಡುವ ಹಾಗೆ ನೋಡಿದ.

‘ನಂದೇ ಅಂದಿದ್ರೆ ನಾಳೆಯಿಂದ ಒಬ್ಬನ ಸಂಬಳಕ್ಕೆ ಎರಡೂ ನುಡ್ಸು ಅಂತಿದ್ರು ಅಣ್ಣ. ಅವತ್ತು ರಿಹರ್ಸಲ್‌ನಲ್ಲಿ ನಿಮ್ಮ ಗಿಟಾರ್ ಭಾಗ ನುಡ್ಸು ಅಂತ ಹೇಳಿದ್ದೂ ಅವ್ರೇ. ನನಗಿರೋದು ಎರಡೇ ಕೈ.’

ಅವನನ್ನು ಕಂಡಾಗಿನಿಂದ ಅವನು ಆಡಿದ ಮಾತುಗಳಲ್ಲಿ, ತಿರುಗಿಸಿ ಮುರುಗಿಸಿ ನೋಡದೆ ನಾನು ಒಪ್ಪಿಕೊಂಡದ್ದು ಇದೊಂದನ್ನೇ. ಆಟೋ ಬಂತು. ಬ್ಯಾಡರಹಳ್ಳಿ ದಾಟಬೇಕೆಂದು ಡ್ರೈವರ್ ಜಾಸ್ತಿ ಕೇಳಿದ. ನಾನು ಮಾತಾಡಿ ಬಾಡಿಗೆ ಇಳಿಸಿ, ಚೀಲದ ಇನ್ನೊಂದು ತುದಿ ಹಿಡಿದು ಒಳಗೆ ಏರಿಸಿದೆ.